ಲೋಕಪ್ಪನ ಹೊಟ್ಟೆಯೂ ಹುಳದ ಪುಡಿಯ ಡಬ್ಬಿಯೂ

“ಇವನಿಗೆ ಬಾಳೆಲೆ ಯಾಕ್ರೋ ಹಾಕಿದ್ರಿ? ವೀಳ್ಯದೆಲೆ ಒಂದು ಹಾಕಿದ್ರೆ ಸಾಕಾಗಿತ್ತು. ಅದ್ರಲ್ಲೂ ಅರ್ಧ ಹಂಗೇ ಉಳೀತಿತ್ತು.”

ತಾಳಗುಂದದ ಗೃಹಪ್ರವೇಶದ ಊಟದಲ್ಲಿ ಹುಚ್ಚರಾಯಪ್ಪ ಈ ಮಾತು ಎಸೆದಾಗ ಹೋಳಿಗೆ ಬಡಿಸುವವನ ಕೈ ಗಾಳಿಯಲ್ಲೇ ನಿಂತಿತು. ಹತ್ತಿರ ಕೂತವರು ಮೊದಲು ನಕ್ಕರು. ಮಾತು ಕೇಳಿಸದೆ ಇದ್ದ ಪಂಕ್ತಿಯ ಆ ತುದಿಯವರು ಅವರಿಗಿಂತ ಜೋರಾಗಿ ನಕ್ಕರು. ಕೇಳಿಸದವರು ಯಾವಾಗಲೂ ಹೆಚ್ಚು ನಗುತ್ತಾರೆ, ಅದು ಪಂಕ್ತಿಯ ನಿಯಮ.

ಬೈಸಿಕೊಂಡವನು ಲೋಕಪ್ಪ, ಹುಚ್ಚರಾಯಪ್ಪನ ತಂಗಿ ವೀರಮ್ಮನ ಮಗ. ಸೋದರಮಾವನಾದವನಿಗೆ ಅಳಿಯನನ್ನು ಬೈಯಲು ಲೈಸೆನ್ಸು ಬೇಕಿಲ್ಲ. ಹುಟ್ಟಿನಿಂದಲೇ ಬಂದಿರುತ್ತದೆ, ರಿನ್ಯೂವಲ್ಲೂ ಕೇಳುವುದಿಲ್ಲ. ಹಿಂದಿನ ವರ್ಷ ಇದೇ ಮಾವ, ಇಂಥದ್ದೇ ಪಂಕ್ತಿಯಲ್ಲಿ, ಇದೇ ಅಳಿಯನನ್ನು ತೋರಿಸಿ, “ಇವನಿಗೆ ಎಲೆ ಎಲ್ಲಿ ಸಾಲ್ತತಿ, ಒಂದು ತಾಡಪಾಲು ಹಾಸ್ರಪ್ಪ” ಎಂದಿದ್ದ. ಆಗಲೂ ಪಂಕ್ತಿ ನಕ್ಕಿತ್ತು. ಅಂದರೆ ಲೋಕಪ್ಪ ಎಷ್ಟು ತೂಗಿದರೂ ಊರಿನ ನಗು ಮಾತ್ರ ಒಂದೇ ತೂಕ.

ಲೋಕಪ್ಪನಿಗೆ ಇಪ್ಪತ್ತೇಳು. ಎಂಟನೇ ಕ್ಲಾಸಿನಲ್ಲಿ ಅವನ ಕೆಳಗೆ ಬೆಂಚು ಮುರಿಯಿತು. ಹೆಡ್‌ಮಾಸ್ತರು ಹೊಸ ಬೆಂಚು ತರಿಸಿಕೊಡು ಎಂದರು. ಇವನು ಬೆಂಚಿನ ಜೊತೆಗೆ ಶಾಲೆಯನ್ನೂ ಬಿಟ್ಟು, ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿದ್ದ ಅಪ್ಪನ ಗೊಬ್ಬರ, ಹುಳದ ಔಷಧಿಯ ಅಂಗಡಿಯಲ್ಲಿ ಗಲ್ಲಾದ ಮುಂದೆ ಕೂತ. ಕೂತವನು ಕೂತಲ್ಲೇ ಬೆಳೆದ. ಮೊಣಕಾಲು ಕೈಕೊಟ್ಟಿತು, ಮಲಗಿದರೆ ಉಸಿರು ಕಟ್ಟಿತು, ಸೊರಬದ ಬಸ್ಸಿನ ಕಂಡಕ್ಟರು, “ಪಕ್ಕದ ಸೀಟಿಗೂ ಟಿಕೇಟ್ ತಗಳ್ರಿ, ಅದ್ರ ಮೇಲೂ ನೀವೇ ಅದೀರಿ” ಎಂದ. ಕೊನೆಗೆ ತೊಂಬತ್ತೊಂಬತ್ತನೇ ಇಸವಿಯಲ್ಲಿ, ಬೊಂಬಾಯಿಯಲ್ಲಿದ್ದ ಅಕ್ಕನ ಗಂಡ ಅವನನ್ನು ಕರೆಸಿಕೊಂಡು ದೊಡ್ಡ ಡಾಕ್ಟರೊಬ್ಬರಿಂದ ಆಪರೇಷನ್ ಮಾಡಿಸಿದ. ಅವರು ಹೊಟ್ಟೆಯಲ್ಲಿ ಒಂದು ಸಣ್ಣ ಕಾಫಿ ಲೋಟದಷ್ಟು ಜಾಗ ಉಳಿಸಿ, ಮಿಕ್ಕದ್ದಕ್ಕೆ ಅನ್ನ ಹೋಗದಂತೆ ಹೊಲಿದು ಕಳಿಸಿದರು.

ಕಳಿಸುವಾಗ ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ಭಾವ ಕನ್ನಡದಲ್ಲಿ ಹೇಳಿದ: “ನೋಡು ಲೋಕಪ್ಪ, ಇಷ್ಟು ಹೊಟ್ಟೆಗೆ ಇಳಿಯೋ ಊಟದಲ್ಲಿ ಮೈಗೆ ಬೇಕಾದ ಸತ್ವ ಸಿಗಲ್ಲ. ಜೀವ ಇರೋ ತನಕ ವಿಟಮಿನ್ ಗುಳಿಗೆ ತಿನ್ಬೇಕು. ಕಬ್ಬಿಣದ್ದು ಬೇರೆ ಹೊತ್ತು, ಕ್ಯಾಲ್ಸಿಯಂ ಬೇರೆ ಹೊತ್ತು, ಎರಡೂ ಜಗಳ ಆಡ್ತವೆ. ಬಿಟ್ರೆ ಕೈಕಾಲು ಜೋಮು ಹಿಡೀತವೆ, ಮೂಳೆ ಪುಡಿ ಆಗ್ತವೆ. ಗುಳಿಗೆನೂ ಇಡೀದು ನುಂಗಬೇಡ, ಅಗಿ, ಇಲ್ಲ ಪುಡಿ ಮಾಡ್ಕ. ಹೊಲಿಗೆ ಹಸಿ ಐತಿ. ಗಂಟಲಲ್ಲಿ ಯಾರಾದ್ರೂ ಪೈಪು ಗೀಪು ತುರುಕಿ ಹೊಲಿಗೆ ಬಿಚ್ಚಿದ್ರೆ ಒಳಗೇ ಸೋರಿ ಸತ್ತುಹೋಗ್ತೀಯ.”

ಲೋಕಪ್ಪನಿಗೆ ಇದು ಚೆನ್ನಾಗಿ ಅರ್ಥವಾಯಿತು. ಗದ್ದೆ ಸಣ್ಣದಾದರೆ ಗೊಬ್ಬರ ಹೆಚ್ಚು ಹಾಕಬೇಕು. ಇದರಲ್ಲಿ ತಿಳಿಯದೆ ಇರುವುದು ಏನಿದೆ?

ತಿಳಿಯದೆ ಇದ್ದದ್ದು ತಾಳಗುಂದದ ಪಂಕ್ತಿಗೆ. ಇವರ ಮನೆತನಗಳಲ್ಲಿ ಎಲೆಯಲ್ಲಿ ಅನ್ನ ಬಿಡುವುದು ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗಿನ ಅಪರಾಧ. ಅದು ಪ್ರಸಾದ. ಮಠದಲ್ಲಾದರೆ ತಟ್ಟೆ ತೊಳೆದ ನೀರನ್ನೂ ಕುಡಿದು ಏಳಬೇಕು. ಅಂಥಲ್ಲಿ ಲೋಕಪ್ಪ ಎರಡು ತುತ್ತು ತಿಂದು, ಇಡೀ ಹೋಳಿಗೆಯನ್ನು ಎಲೆಯ ಮೇಲೆ ಅನಾಥ ಮಾಡಿ, ಜೇಬಿನಿಂದ ಗುಳಿಗೆ ತೆಗೆದು ಕಟಕಟ ಅಗಿಯತೊಡಗಿದ.

“ನೋಡ್ರಪ್ಪ,” ಹುಚ್ಚರಾಯಪ್ಪ ಎರಡನೇ ಸುತ್ತು ಶುರು ಮಾಡಿದ. “ಪ್ರಸಾದ ಬಿಟ್ಟು ಗುಳಿಗೆ ತಿಂತಾನೆ. ಹೊಟ್ಟೆ ತುಂಬ ಗುಳಿಗೆ ತುಂಬ್ಕಂಡ್ರೆ ಅನ್ನ ಎಲ್ಲಿಗೆ ಇಳೀಬೇಕು? ವೀರಮ್ಮ, ಮೊದ್ಲು ಅವ್ನ ಗುಳಿಗೆ ಕಸ್ಕ. ಊಟ ತಾನೇ ಸೇರ್ತತಿ.”

“ಮಾವ, ಹೊಟ್ಟೆ ಸಣ್ಣದೈತಿ ಅಂತ ಗುಳಿಗೆ. ಗುಳಿಗೆ ತಿಂದು ಹೊಟ್ಟೆ ಸಣ್ಣ ಆಗಿದ್ದಲ್ಲ.”

“ಓದಿದ್ದು ಎಂಟು, ನನಗೇ ಪಾಠ ಹೇಳ್ತಾನೆ.”

ಪಂಕ್ತಿ ಮತ್ತೆ ನಕ್ಕಿತು. ಲೋಕಪ್ಪನ ಕಿವಿ ಕೆಂಪಾಯಿತು. ಅವನ ಸಿಟ್ಟು ಮಾತ್ರ ಆಪರೇಷನ್‌ನಲ್ಲಿ ಸಣ್ಣದಾಗಿರಲಿಲ್ಲ. ಡಾಕ್ಟರು ಅದನ್ನು ಮುಟ್ಟಿಯೇ ಇರಲಿಲ್ಲ.

ವೀರಮ್ಮ ಅಣ್ಣನ ಮಾತನ್ನು ವೇದ ಎಂದು ತಿಳಿದವಳು. ಮನೆಗೆ ಬಂದವಳೇ ಬೊಂಬಾಯಿಯಿಂದ ತಂದಿದ್ದ ಅಷ್ಟೂ ಗುಳಿಗೆಯನ್ನು ಬಚ್ಚಿಟ್ಟಳು. ಎಸೆಯಲು ಮನಸ್ಸು ಬರಲಿಲ್ಲ, ಹಾಗಾಗಿ ದಿನವೂ ಹಿಂಡಿಯಲ್ಲಿ ಬೆರೆಸಿ ಎಮ್ಮೆಗೆ ಹಾಕಿದಳು. ಎಮ್ಮೆಯ ಮೈ ಮಿರಮಿರ ಮಿಂಚಿತು. ಹಾಲು ಹೆಚ್ಚಿತು. “ನೋಡು, ದನ ತಿನ್ನೋದನ್ನ ತಿಂತಿದ್ದೆ” ಎಂದು ಮಗನಿಗೆ ಸಾಕ್ಷಿ ಸಮೇತ ತೋರಿಸಿದಳು. ಅತ್ತ ಎಮ್ಮೆ ಮಿಂಚುತ್ತಿದ್ದಂತೆ ಇತ್ತ ಲೋಕಪ್ಪನ ಅಂಗಾಲು ಜುಮುಜುಮು ಎನ್ನತೊಡಗಿತು, ಕೂದಲು ಬಾಚಣಿಗೆಗೆ ಬರತೊಡಗಿತು. ಒಂದು ಬೆಳಿಗ್ಗೆ ಚಪ್ಪಲಿ ಕಾಲಿಂದ ಜಾರಿದ್ದು ಹತ್ತು ಹೆಜ್ಜೆ ಹೋದ ಮೇಲೆ ಗೊತ್ತಾದಾಗ ಅವನು ಅಲ್ಲೇ ನಿಂತುಬಿಟ್ಟ. ಡಾಕ್ಟರು ಹೇಳಿದ ಜೋಮು ಬಾಗಿಲಿಗೆ ಬಂದಿತ್ತು.

ಅವನು ಸೀದಾ ಚಂದ್ರಶೇಖರನ ಮೆಡಿಕಲ್ ಶಾಪಿಗೆ ಹೋದ.

“ಬೊಂಬಾಯಿ ಮಾಲು ಇಲ್ಲಿ ಬರಲ್ಲ ಲೋಕಪ್ಪ. ಸತ್ವ ಅದೇ ಇರೋದು ಕೊಡ್ತೀನಿ” ಎಂದು ಚಂದ್ರಶೇಖರ ಮೂರು ಪೊಟ್ಟಣ ಇಟ್ಟ. ಲೋಕಪ್ಪ ಗೊಬ್ಬರದ ಮೂಟೆಯ ಮೇಲಿನ ಅಂಕಿ ನೋಡುವ ಹಾಗೆ ಪೊಟ್ಟಣ ತಿರುಗಿಸಿ ತಿರುಗಿಸಿ ನೋಡಿದ.

“ಇದು ಬಿತ್ತೋಕೆ ಮುಂಚೆ ಹಾಕೋದೋ, ಮೇಲುಗೊಬ್ಬರವೋ?”

“ಇದು ಊಟ ಆದ್ಮೇಲೆ. ಇದು ಮಲಗೋಕೆ ಮುಂಚೆ.”

“ಸತು ಎಷ್ಟೈತಿ?”

“ನೀನು ಭತ್ತ ಅಲ್ಲ ಮಾರಾಯ. ಇರೋವಷ್ಟು ಸಾಕು. ಬಿ ಟ್ವೆಲ್ವ್ ಗುಳಿಗೇಲಿ ಹತ್ತಲ್ಲ ನಿಂಗೆ, ಇಂಜೆಕ್ಷನ್ ತರಿಸಿಕೊಡ್ತೀನಿ.”

ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೆ ಕಬ್ಬಿಣದ ಪೊಟ್ಟಣದ ಮೇಲೆ ಒಬ್ಬಳು ಸೀರೆಯ ಹೆಂಗಸು ಉಬ್ಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದಳು. ಅದು ಬಸುರಿಯರ ಗುಳಿಗೆ. ಅಗಿಯುವ ವಿಟಮಿನ್ನು ಮಕ್ಕಳದ್ದು, ಒಂದೊಂದು ಗುಳಿಗೆಯೂ ಆನೆಮರಿಯ ಆಕಾರ. ಅಷ್ಟರಲ್ಲಿ ತಲೆನೋವಿನ ಮಾತ್ರೆಗೆ ಬಂದಿದ್ದ, ಊರಿನ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವ ಯಮುನಮ್ಮ ಲೋಕಪ್ಪನ ಭುಜದ ಮೇಲಿಂದ ಇಣುಕಿ, “ಮನೇಲಿ ಯಾರಿಗಪ್ಪ, ಎಷ್ಟು ತಿಂಗಳು?” ಎಂದು ಪ್ರೀತಿಯಿಂದ ಕೇಳಿದಳು.

ಲೋಕಪ್ಪನಿಗೆ ಮದುವೆಯೇ ಆಗಿರಲಿಲ್ಲ. ಯಮುನಮ್ಮನಿಗೂ ಅದು ಗೊತ್ತಿತ್ತು. ಕೇಳಿ ಮುಗಿಸಿದ ಮೇಲೆ ನೆನಪಾಯಿತು. ಅವಳ ಮುಖದ ಮೇಲೆ ಪ್ರೀತಿ ಹೋಗಿ ಗುಮಾನಿ ಬಂತು.

ಹೀಗೆ ಮನೆಯಲ್ಲಿಟ್ಟರೆ ಎಮ್ಮೆ, ಹೊರಗಿಟ್ಟರೆ ಯಮುನಮ್ಮ ಎಂಬ ಸ್ಥಿತಿಯಲ್ಲಿ ಲೋಕಪ್ಪನ ತಲೆ ಓಡಿತು. ಅದು ಓಡದೆ ಇದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ತನ್ನ ಅಂಗಡಿಯ ಗಾಜಿನ ಕಪಾಟಿನಲ್ಲಿ ಕಂಪನಿಯವರು ತೋರಿಕೆಗೆಂದು ಕೊಟ್ಟ ಒಂದು ಖಾಲಿ ಡಬ್ಬಿ ಇತ್ತು. ಒಳಗೆ ಎಂದೂ ಏನೂ ಕಾಣದ ಹೊಚ್ಚ ಹೊಸ ಡಬ್ಬಿ. ಹೊರಗೆ ಮಾತ್ರ ಹುಳದ ಪುಡಿಯ ಹೆಸರು, ಕೆಂಪು ತ್ರಿಕೋನ, ತಲೆಬುರುಡೆ, ಅಡ್ಡ ಎರಡು ಮೂಳೆ. ಇದಕ್ಕಿಂತ ಭದ್ರವಾದ ಜಾಗ ಎಲ್ಲಿದೆ? ಅವ್ವ ಮುಟ್ಟುವುದಿಲ್ಲ, ಯಮುನಮ್ಮ ಇಣುಕುವುದಿಲ್ಲ. ಮೇಲಿನ ಪೊಟ್ಟಣ ಹರಿದು ಬಿಸಾಡಿ, ಗುಳಿಗೆಯ ಹಾಳೆಗಳನ್ನೂ ಬಿಡಿ ಆನೆಮರಿಗಳನ್ನೂ ಅದರಲ್ಲಿ ತುಂಬಿದ. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಗಡಿಯಾರ ಕೆಟ್ಟಿತ್ತು. ಹಾಗಾಗಿ ಬಸ್ಸಿನ ಮೇಲೆ ಹೊತ್ತು ಗೊತ್ತುಮಾಡಿಕೊಂಡ: ಸೊರಬದ ಬಸ್ಸು ಬಂದಾಗ ಕ್ಯಾಲ್ಸಿಯಂ, ಶಿಕಾರಿಪುರದ ಕಡೆ ಬಸ್ಸು ಹೊರಟಾಗ ಕಬ್ಬಿಣ. ಹಾರನ್ ಕೇಳಿದೊಡನೆ ಡಬ್ಬಿ ತೆಗೆಯುವನು, ಬಿಳಿ ಗುಳಿಗೆಯನ್ನು ತಕ್ಕಡಿಯ ತೂಕದ ಬಟ್ಟಿನಿಂದ ಕುಟ್ಟಿ ಪುಡಿ ಮಾಡುವನು, ನೀರಿನ ಲೋಟದಲ್ಲಿ ಕಲಕಿ ಗುಟುಕು ಗುಟುಕಾಗಿ ಕುಡಿದು ಮೀಸೆ ಒರೆಸಿಕೊಳ್ಳುವನು.

ಮೂರನೆಯ ದಿನ ಸೊರಬದ ಬಸ್ಸಿಳಿದು ಬಂದವನು ಕುಪ್ಪಗಡ್ಡೆಯ ಬೆನಕಪ್ಪ. ಹುಳದ ಪುಡಿ ಕೊಳ್ಳಲು ಬಂದವನು ಬಾಗಿಲಲ್ಲೇ ನಿಂತ. ಲೋಕಪ್ಪ ತಲೆಬುರುಡೆಯ ಡಬ್ಬಿ ತೆಗೆದದ್ದನ್ನು ಕಂಡ, ಕುಟ್ಟಿದ್ದನ್ನು ಕಂಡ, ಕುಡಿದದ್ದನ್ನು ಕಂಡ. ಈಗ ಬೀಳುತ್ತಾನೆ ಎಂದು ಕಾದ. ಲೋಕಪ್ಪ ಸಣ್ಣಗೆ ತೇಗಿ, “ಏನ್ ಬೇಕಾಗಿತ್ರಿ?” ಎಂದ.

“ಎಂತದೂ ಬೇಡ ಮಾರಾಯ್ರೆ” ಎಂದು ಬೆನಕಪ್ಪ ಹಿಂದೆ ಹಿಂದೆಯೇ ನಡೆದು ಹೊರಬಿದ್ದ.

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಅವನಿಗೆ ಜ್ಞಾನೋದಯವಾಯಿತು. “ನಾ ಎರಡು ಸಲ ಹೊಡ್ದೆ ಮಾರಾಯ, ಗದ್ದೇಲಿ ಒಂದು ಹುಳ ಸಾಯ್ಲಿಲ್ಲ. ದಪ್ಪ ಆದ್ವು. ಹೆಂಗೆ ಸಾಯ್ತವೆ? ಅಂಗಡಿಯಂವ ಅದನ್ನ ಹಾರ್ಲಿಕ್ಸ್ ಕುಡ್ದಂಗೆ ಕುಡೀತಾನೆ. ಬರೀ ಸುಣ್ಣದ ಪುಡಿ ತುಂಬಿ ಮಾರ್ತಾನೆ.”

ಸಂತೆಯ ದಿನ ಬೇರೆ. ಸುದ್ದಿ ತರಕಾರಿ ಸಾಲು ದಾಟಿ ದನದ ಸಾಲು ಮುಟ್ಟುವ ಹೊತ್ತಿಗೆ ಲೋಕಪ್ಪ ಬೆಳಿಗ್ಗೆ ತಿಂಡಿಗೂ ಅದನ್ನೇ ಕಲಸಿಕೊಂಡು ತಿನ್ನುವವನಾಗಿದ್ದ. ಮಾರನೆಯ ದಿನ ಅಂಗಡಿಯ ಮುಂದೆ ಜನ ಜಮಾಯಿಸಿದರು. ಒಬ್ಬೊಬ್ಬರ ಕಂಕುಳಲ್ಲೂ ಅರೆಬರೆ ಬಳಸಿದ ಪುಡಿಯ ಪ್ಯಾಕೆಟ್ಟು. ಹಿಂದೆಯೇ ಮೋಟಾರ್ ಸೈಕಲ್ ಮೇಲೆ ಕೃಷಿ ಇಲಾಖೆಯ ಸಾಹೇಬರು.

“ಏನಪ್ಪ, ಡುಪ್ಲಿಕೇಟ್ ಮಾಲು ಮಾರ್ತಿಯಂತೆ.”

“ಯಾರ್ ಹೇಳಿದ್ದು?”

“ನೀನೇ ಕುಡೀತಿಯಂತಲ್ಲ, ಇನ್ಯಾರು ಹೇಳ್ಬೇಕು. ಆ ಡಬ್ಬಿ ಇಳಿಸು.”

“ಸರ್, ಅದ್ರಲ್ಲಿರೋದು ಹುಳದ ಪುಡಿ ಅಲ್ಲ.”

ಜನರಲ್ಲಿ ಒಂದು ದೊಡ್ಡ ಉಸಿರು ಹೊರಟಿತು. ಬೆನಕಪ್ಪ ಎಲ್ಲರ ಕಡೆಗೂ ತಿರುಗಿ, “ಕೇಳಿದ್ರಲ್ಲ. ಡಬ್ಬೀಲಿರೋದು ಹುಳದ ಪುಡಿ ಅಲ್ಲ ಅಂತ ಅಂವನೇ ಒಪ್ಪಿದ” ಎಂದ.

“ಹಾಗಾದ್ರೆ ಏನದು?” ಸಾಹೇಬರು ಕೇಳಿದರು.

ಹೇಳಬಹುದಿತ್ತು. ಆದರೆ ಜನರ ಮಧ್ಯದಲ್ಲಿ ಯಮುನಮ್ಮ ಕತ್ತು ಚಾಚಿ ನಿಂತಿದ್ದಳು. ಇಷ್ಟು ಜನರ ಮುಂದೆ, ಮೀಸೆ ಹೊತ್ತ ಗಂಡಸು, ಬಸುರಿಯರ ಗುಳಿಗೆ ಎಂದು ಹೇಗೆ ಹೇಳುವುದು? ಲೋಕಪ್ಪನ ತಲೆಯೊಳಗೆ ತಾಳಗುಂದದ ಪಂಕ್ತಿ ಇನ್ನೊಮ್ಮೆ ನಕ್ಕಿತು.

“ನಾನು ಏನ್ ತಿಂದ್ರೆ ನಿಮಗೇನ್ರಿ? ದಪ್ಪ ಇದ್ದಾಗ ತಿಂದಿದ್ದಕ್ಕೆ ಬೈದ್ರಿ. ಸಣ್ಣ ಆದ್ಮೇಲೆ ತಿನ್ನದಿದ್ದಕ್ಕೆ ಬೈದ್ರಿ. ಈಗ ಕುಡಿಯೋ ನೀರಿಗೂ ಲೆಕ್ಕ ಕೇಳಾಕೆ ಬಂದೀರಿ. ಕುಡೀತೀನಿ. ಎಲ್ಲ ಕಣ್ ಬಿಟ್ಟು ನೋಡ್ರಿ.”

ಕುಟ್ಟಿದ. ಲೋಟ ತುಂಬ ನೀರಿಗೆ ಕಲಕಿದ. ಗುಟುಕು ಗುಟುಕಾಗಿ ಕುಡಿಯಬೇಕಾದದ್ದನ್ನು ಸಿಟ್ಟಿನಲ್ಲಿ ಒಂದೇ ಏಟಿಗೆ ಗಂಟಲಿಗೆ ಸುರಿದುಕೊಂಡ.

ಕಾಫಿ ಲೋಟದಷ್ಟು ಹೊಟ್ಟೆಗೆ ಚೊಂಬಿನಷ್ಟು ಸಿಟ್ಟು ಹಿಡಿಯಲಿಲ್ಲ. ಲೋಕಪ್ಪನ ಹಣೆಯಲ್ಲಿ ಬೆವರೊಡೆಯಿತು, ಕಣ್ಣು ಮೇಲೆ ಹೋಯಿತು, ಗಲ್ಲಾ ಹಿಡಿದುಕೊಂಡು ಬಾಗಿ ಸಾಹೇಬರ ಬೂಟಿನ ಮೇಲೆಯೇ ವಾಂತಿ ಮಾಡಿಕೊಂಡ.

ಎಲ್ಲರೂ ಬಗ್ಗಿ ಬೂಟು ನೋಡಿದರು. ಆಮೇಲೆ ಹಿಂದಿನಿಂದ ಯಾರೋ ಸಮಾಧಾನದ ದನಿಯಲ್ಲಿ ಹೇಳಿದರು: “ಅಸಲಿ ಐತಿ.”

“ಅಸಲಿನೇ,” ಇನ್ನೊಬ್ಬರು ಒಪ್ಪಿದರು. “ಸುಮ್ನೆ ಅನುಮಾನ ಪಟ್ವಿ.”

ನಾಲ್ಕು ಜನ ಲೋಕಪ್ಪನ ಕೈಕಾಲು ಹಿಡಿದು ಟೆಂಪೋಕ್ಕೆ ಏರಿಸುತ್ತಿದ್ದರೆ ಉಳಿದವರು ತಮ್ಮ ತಮ್ಮ ಪ್ಯಾಕೆಟ್ಟನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು ಮನೆ ಕಡೆ ಹೊರಟರು. “ಪುಡಿ ಒಳ್ಳೇದೇ. ನಮ್ ಕಡೆ ಹುಳನೇ ಗಟ್ಟಿ ಅದಾವೆ ಅಂತ ಕಾಣ್ತದೆ” ಎಂದು ಬೆನಕಪ್ಪ ತೀರ್ಪು ಕೊಟ್ಟ. ಸಾಹೇಬರು ಬೂಟು ಒರೆಸಿಕೊಂಡು, ಮಾಲಿನ ಗುಣಮಟ್ಟದ ಬಗ್ಗೆ ದೂರು ಇಲ್ಲವೆಂದು ಬರೆದುಕೊಂಡರು.

ಟೆಂಪೋ ಶಿಕಾರಿಪುರದ ಆಸ್ಪತ್ರೆಯೊಂದರ ಮುಂದೆ ನಿಲ್ಲುವ ಹೊತ್ತಿಗೆ ಲೋಕಪ್ಪ ಎದ್ದು ಕೂತಿದ್ದ. ನೀರು ಹೊರಬಿದ್ದ ಮೇಲೆ ಅವನಿಗೆ ಏನೂ ಆಗಿರಲಿಲ್ಲ. ಆದರೆ ವಿಷದ ಕೇಸು ಎಂದು ಹೊತ್ತು ತಂದವರು ನಡೆದುಹೋಗಲು ಬಿಡುತ್ತಾರೆಯೇ? ಮಲಗಿಸಿಯೇ ಒಳಗೆ ಒಯ್ದರು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಓದು ಮುಗಿಸಿ ಬಂದು ಇನ್ನೂ ವರ್ಷವಾಗದವರು. ನರ್ಸು ಒಂದು ಬಕೆಟ್ಟು, ಉಪ್ಪುನೀರು, ಹೆಬ್ಬೆರಳು ಗಾತ್ರದ ರಬ್ಬರ್ ಪೈಪು ತಂದಿಟ್ಟಳು.

ಪೈಪು ಕಂಡದ್ದೇ ಲೋಕಪ್ಪ ಹಾಸಿಗೆಯ ಆ ತುದಿಗೆ ಸರಿದ.

“ಅಮ್ಮಾರೆ, ಅದನ್ನ ಹಾಕಬ್ಯಾಡ್ರಿ. ನಾನು ವಿಷ ತಗಂಡಿಲ್ಲ.”

“ವಿಷ ತಗೊಂಡವರು ಯಾರೂ ತಗೊಂಡಿದೀನಿ ಅನ್ನಲ್ಲ. ಬಾಯಿ ತೆಗಿ.”

“ನನ್ನ ಹೊಟ್ಟೆ ಹೊಲಿದಾರೆ. ಬಿಚ್ಚಿದ್ರೆ ಸತ್ತೋಗ್ತೀನಿ.” ಅಂಗಿ ಎತ್ತಿ ಎದೆಗೂಡಿನಿಂದ ಹೊಕ್ಕುಳವರೆಗಿನ ಕಲೆ ತೋರಿಸಿದ.

“ಏನು ಆಪರೇಷನ್ ಇದು?”

“ಸಣ್ಣ ಆಗಾಕೆ.”

“ಸಣ್ಣ ಆಗೋಕೆ ಯಾರಾದ್ರೂ ಹೊಟ್ಟೆ ಕೊಯ್ಸ್ಕೋತಾರಾ? ಊಟ ಬಿಟ್ರೆ ಆಯ್ತಪ್ಪ. ಸಿಸ್ಟರ್, ಕೈ ಹಿಡ್ಕೊಳಿ.”

ಅಷ್ಟರಲ್ಲಿ ಮೋಟಾರ್ ಸೈಕಲ್ ಮೇಲೆ ಹುಚ್ಚರಾಯಪ್ಪನೂ ಹಿಂದೆ ವೀರಮ್ಮನೂ ಬಂದಿಳಿದರು. ವೀರಮ್ಮನ ಅಳು ಗೇಟಿನಿಂದಲೇ ಕೇಳಿಸಿತು. “ಎಮ್ಮಿಗೆ ಹಾಕಿದ್ದು ತಪ್ಪಾತಪ್ಪ ನನ್ ಕೂಸೇ. ಎಮ್ಮಿನೇ ಮಾರ್ತೀನಿ.” ಅವರ ಬೆನ್ನಿಗೇ ಪೊಲೀಸ್ ದಫೇದಾರರು, ಕೈಯಲ್ಲಿ ಅಂಗಡಿಯಿಂದ ಎತ್ತಿ ತಂದು ಪೇಪರಿನಲ್ಲಿ ಸುತ್ತಿದ ತಲೆಬುರುಡೆಯ ಡಬ್ಬಿ.

“ನೋಡಮ್ಮ, ಅಳಬ್ಯಾಡ. ಇವ್ನಿಗೆ ಇತ್ತೀಚೆಗೆ ಯಾರಾದ್ರೂ ಏನಾದ್ರೂ ಅಂದಿದ್ರಾ?” ದಫೇದಾರರು ಪೆನ್ನು ತೆಗೆದರು.

ವೀರಮ್ಮ ಸುಳ್ಳು ಹೇಳಿದವಳೇ ಅಲ್ಲ. “ನಮ್ಮಣ್ಣ ಇದಾನಲ್ರಿ, ಇವ್ನೇ. ಪಂಕ್ತೀಲಿ ಎಲ್ಲಾರ ಮುಂದೆ, ನಿಂಗೆ ವೀಳ್ಯದೆಲೆ ಸಾಕು ಅಂದ. ಅವತ್ತಿಂದ ಹುಡುಗ ಮುಖ ಎತ್ತಿಲ್ಲ.”

ಪೆನ್ನು ಓಡಿತು. ಹುಚ್ಚರಾಯಪ್ಪನ ಮುಖ ಬೂದಿಯಾಯಿತು. “ತಮಾಷೆಗೆ ಸ್ವಾಮಿ. ನಮ್ ಕಡೆ ಮಾವ ಅಂದ್ಮೇಲೆ ಅನ್ನಾದೇ.”

“ಡಬ್ಬಿ ತೆಗೀರಿ ಸಾರ್,” ಹಾಸಿಗೆಯಿಂದ ಲೋಕಪ್ಪ ಕೂಗಿದ. “ಒಳಗೆ ಏನೈತಿ ನೋಡ್ರಿ.”

“ಹಂಗೆಲ್ಲ ತೆಗ್ಯಾಕೆ ಬರಲ್ಲ. ಪಂಚರು ಬರಬೇಕು, ಪಂಚನಾಮೆ ಆಗಬೇಕು, ಸೀಲ್ ಆಗಬೇಕು.”

“ಅಷ್ಟೊತ್ತಿಗೆ ನನ್ನ ಹೊಟ್ಟೆ ಹರಿದಿರ್ತತಿ.”

“ಅದಕ್ಕೆ ಬೇರೆ ಪಂಚನಾಮೆ ಮಾಡಾನು” ಎಂದರು ದಫೇದಾರರು, ನ್ಯಾಯವಾಗಿ.

ನರ್ಸು ಒಂದು ಕೈ ಹಿಡಿದಳು. ಕಾಂಪೌಂಡರ್ ಇನ್ನೊಂದು ಕೈ ಹಿಡಿದ. ಪೈಪಿನ ತುದಿ ತುಟಿಗೆ ತಾಗಿತು. ಅದಕ್ಕೆ ಸೈಕಲ್ ಟ್ಯೂಬಿನ ವಾಸನೆ. ಬಾಗಿಲ ತುಂಬ ಜನ. ಅವರಲ್ಲಿ ಟೆಂಪೋದಲ್ಲಿ ಜೊತೆಗೇ ಬಂದಿದ್ದ ಯಮುನಮ್ಮನೂ ಇದ್ದಳು. ಮರ್ಯಾದೆ ಉಳಿಸಿಕೊಂಡು ಸಾಯುವುದೋ, ಅದನ್ನು ಬಕೆಟ್ಟಿಗೆ ಹಾಕಿ ಬದುಕುವುದೋ ಎಂದು ಯೋಚಿಸಲು ಹೊತ್ತಿರಲಿಲ್ಲ. ಕಾಲನ್ನು ಯಾರೂ ಹಿಡಿದಿರಲಿಲ್ಲ. ಲೋಕಪ್ಪ ಬಕೆಟ್ಟಿಗೆ ಜಾಡಿಸಿ ಒದ್ದ. ಉಪ್ಪುನೀರು ಹುಚ್ಚರಾಯಪ್ಪನ ಪಂಚೆ ತೋಯಿಸಿತು, ಹಿಡಿದವರ ಕೈ ಸಡಿಲಿತು, ಡಬ್ಬಿ ದಫೇದಾರರ ಕೈಯಿಂದ ಲೋಕಪ್ಪನ ಕೈಗೆ ಬಂತು.

“ಕೇಳ್ರಿ ಎಲ್ಲ,” ಅವನು ಮುಚ್ಚಳ ತಿರುವಿ ಹಾಸಿಗೆಯ ಮೇಲೆ ಸುರಿದ. “ಇದು ಬಸುರಿ ಹೆಂಗಸ್ರು ತಿನ್ನೋ ಗುಳಿಗೆ. ಇದು ಹಾಲುಗಲ್ಲದ ಹುಡುಗ್ರು ತಿನ್ನೋ ಗುಳಿಗೆ, ಆನೆಮರಿ ಐತಿ ನೋಡ್ರಿ. ಯಮುನಮ್ಮಾರೆ, ಮುಂದೆ ಬರ್ರಿ, ಸರಿಯಾಗಿ ನೋಡ್ರಿ. ನಾನೇ ತಿನ್ನಾದು. ಮೀಸೆ ಇಟ್ಕಂಡೇ ತಿಂತೀನಿ. ನಿನ್ನೆ ತಿಂದೆ, ಇವತ್ತು ತಿಂತೀನಿ, ನಾಳೆ ನಿಮ್ ಪಂಕ್ತಿ ಮಧ್ಯೆ ಕೂತು ತಿಂತೀನಿ. ಎಲೇಲಿ ಅನ್ನ ಬಿಟ್ಟ ಪಾಪ ನಂದು, ಶಿವನ ಹತ್ರ ನಾನೇ ಮಾತಾಡ್ಕಂತೀನಿ. ಪೈಪ್ ಹಿಡ್ಕಂಡು ಯಾರಾದ್ರೂ ಹತ್ರ ಬಂದ್ರೆ ಕಚ್ತೀನಿ.”

ಹೇಳಿ ಒಂದು ಆನೆಮರಿಯನ್ನು ಬಾಯಿಗೆ ಹಾಕಿಕೊಂಡು, ಡಾಕ್ಟರು ಹೇಳಿದಂತೆ ನಿಧಾನವಾಗಿ ಅಗಿದ. ಇಡೀ ವಾರ್ಡು ಅವನು ಸಾಯುವುದನ್ನು ಕಾದಿತು. ಅವನು ಸಾಯಲಿಲ್ಲ. ದೂರದಿಂದ ಬಂದವರಿಗೆ ಸ್ವಲ್ಪ ಬೇಸರವೂ ಆಯಿತು.

ಡಾಕ್ಟರಮ್ಮ ಗುಳಿಗೆಯ ಹಾಳೆಯ ಹಿಂದಿನ ಅಕ್ಷರ ಓದಿದರು. ಇನ್ನೊಂದು ಹಾಳೆ ಓದಿದರು. ಆನೆಮರಿಯೊಂದನ್ನು ಮೂಸಿ, ಆಚೀಚೆ ನೋಡಿ, ನಾಲಿಗೆಗೆ ಮುಟ್ಟಿಸಿದರು.

“ಕಿತ್ತಳೆ ಹಣ್ಣು” ಎಂದು ಮೆಲ್ಲಗೆ ಹೇಳಿ ಪೈಪನ್ನು ಸುತ್ತಿ ನರ್ಸಿನ ಕೈಗೆ ಕೊಟ್ಟರು. ಆಮೇಲೆ ಲೋಕಪ್ಪನ ಕಣ್ಣು ತಪ್ಪಿಸಿ, “ಕೈ ಕಾಲು ಜೋಮು ಇದೆಯಾ?” ಎಂದು ಕೇಳಿದರು.

“ಐತಿ.”

“ಇಂಜೆಕ್ಷನ್ ಕೊಡ್ತೀನಿ. ತೋಳು ಚಾಚು.”

ಅವನು ತೋಳು ಚಾಚಿದ. ಹೊಟ್ಟೆ ಉಳಿಯಿತು.

ಆದರೆ ದಫೇದಾರರ ಪೆನ್ನು ಇನ್ನೂ ಮುಚ್ಚಿರಲಿಲ್ಲ. ಸರ್ಕಾರಿ ಪೆನ್ನು ಒಮ್ಮೆ ತೆರೆದರೆ ಸುಮ್ಮನೆ ಮುಚ್ಚುವ ಜಾತಿಯದಲ್ಲ. “ವಿಷ ಅಲ್ಲ, ಸರಿ. ಆದ್ರೆ ‘ಸೋದರಮಾವ ಎಲ್ಲರೆದುರು ಅವಮಾನ ಮಾಡಿದ್ದರಿಂದ’ ಅಂತ ಬರ್ದಾಗೈತಿ. ಹೌದು ಅಂದ್ರೆ ಇವ್ರನ್ನ ಠಾಣೆಗೆ ಕರ್ಕಂಡು ಹೋಗಿ ಕೂರಿಸ್ತೀನಿ. ಇಲ್ಲ ಅಂದ್ರೆ ಆ ಸಾಲಿಗೆ ಗೀಟು ಹೊಡ್ದು ಹಾಕ್ತೀನಿ. ನೀನು ಹೇಳಿದಂಗೆ.”

ವಾರ್ಡಿನ ಅಷ್ಟೂ ಮುಖ ಲೋಕಪ್ಪನ ಕಡೆ ತಿರುಗಿತು. ಹುಚ್ಚರಾಯಪ್ಪ ಒದ್ದೆ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದ.

“ಲೋಕಪ್ಪಾ, ಹೇಳಪ್ಪ. ನಾನು ನಿನ್ನ ಎತ್ತಿ ಆಡಿಸಿದವನು. ನಾನು ನಿಂಗೆ ಯಾವತ್ತಾದ್ರೂ ಏನಾದ್ರೂ ಅಂದೀನೇನಪ್ಪ?”

ಲೋಕಪ್ಪ ಗುಳಿಗೆಗಳನ್ನು ಒಂದೊಂದಾಗಿ ಆರಿಸಿ ಅಂಗಿಯ ಜೇಬಿಗೆ ಹಾಕಿಕೊಂಡ, ಎಲ್ಲರಿಗೂ ಕಾಣುವ ಮೇಲಿನ ಜೇಬಿಗೆ. ಗುಂಡಿ ಹಾಕಿಕೊಂಡ. ಮಂಚದ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕಿದ. ಸಿಕ್ಕ ಮೇಲೂ ಸರಿಯಾಗಿ ಮೆಟ್ಟಿದೆಯೇ ಎಂದು ಬಗ್ಗಿ ನೋಡಿಕೊಂಡ. ಮಾವನ ಮುಖವನ್ನು ಒಮ್ಮೆ ನಿಧಾನವಾಗಿ ನೋಡಿದ.

ಆಮೇಲೆ ಬಾಗಿಲ ಕಡೆ ನಡೆದ. ಜನ ದಾರಿ ಬಿಟ್ಟರು.

“ಹೂಂ ಅಂತೀಯೋ, ಇಲ್ಲ ಅಂತೀಯೋ?” ದಫೇದಾರರು ಹಿಂದಿನಿಂದ ಕೇಳಿದರು.

“ಲೇ ಲೋಕಾ, ಏನಾದ್ರೂ ಒಂದು ಅನ್ನೋ” ಎಂದ ಹುಚ್ಚರಾಯಪ್ಪ. ದನಿ ವರಾಂಡದವರೆಗೂ ಬಂತು, ಮೆಟ್ಟಿಲವರೆಗೂ ಬಂತು, ಗೇಟಿನವರೆಗೂ ಬಂತು.

ಲೋಕಪ್ಪ ಗೇಟು ದಾಟಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.